ಭಾವನ ಟರ್ಕಿ ಕಲ್ಲುಗಳು

ನಮ್ಮ ಭಾವ ಹೆಂಗಸರ ಒಡವೆ ಹಾಕಿಕೊಂಡು ಊರೂರು ತಿರುಗುತ್ತಿದ್ದರು. ಹೀಗೆಂದ ಕೂಡಲೇ ನೀವು ಏನೇನೋ ಊಹಿಸಿಕೊಳ್ಳುತ್ತೀರಿ ಎಂದು ನನಗೆ ಗೊತ್ತು. ಊಹಿಸಿಕೊಳ್ಳಿ, ನನ್ನದೇನೂ ಅಡ್ಡಿಯಿಲ್ಲ! ಆದರೆ ಅದಕ್ಕೆ ಮೊದಲು ಆಳನ್ನು ಒಂದು ಸಲ ನೋಡಿಬಿಡಿ. ಯಾರ ಮನೆಗೆ ಹೋದರೂ ಬಾಗಿಲಲ್ಲಿ ತಲೆ ತಗ್ಗಿಸಲೇಬೇಕಾದ ಎತ್ತರ. ಕಿವಿಯನ್ನು ಮುಟ್ಟಿಬಿಡುವ ಹವಣಿಕೆಯಲ್ಲಿದ್ದ ಮೀಸೆ. ಮನೆಯಲ್ಲಿ ಪಿಸುಗುಟ್ಟಿದರೆ ಪಕ್ಕದ ಬೀದಿಯವರು “ಏನು ಗೌಡ್ರೇ?” ಎಂದು ಕೇಳುವಂಥ ಗಂಟಲು. ಹೊಳೆನರಸೀಪುರದಲ್ಲಿ ಕೊಬ್ಬರಿ ಮಂಡಿ. ಕಚ್ಚೆಪಂಚೆ, ಕ್ಲೋಸ್ ಕಾಲರ್ ಕೋಟು, ತಲೆಗೆ ಕರಿ ಟೋಪಿ. ಆ ಕೋಟಿನ ಎಡಭಾಗದಲ್ಲಿ, ಹೃದಯ ಇಲ್ಲಿರುತ್ತದೆ ಎಂದು ನಾನು ಶಾಲೆಯ ಮಕ್ಕಳಿಗೆ ತೋರಿಸುತ್ತಿದ್ದ ಜಾಗದಲ್ಲಿ, ಒಂದು ನೀಲಿ ಹಕ್ಕಿ!

ಐವತ್ತರ ದಶಕದ ಮಾತು. ನಾನು ಅರಕಲಗೂಡಿನವಳು. ಹೊಳೆನರಸೀಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು, ಅಕ್ಕನ ಮನೆಯಲ್ಲೇ ಇದ್ದೆ. ಸಕಲೇಶಪುರದ ಕಡೆ ಕಾಫಿ ತೋಟ ಮಾಡಿಕೊಂಡಿದ್ದ ಬಿಳಿ ದೊರೆಗಳು ಒಬ್ಬೊಬ್ಬರಾಗಿ ತೋಟ ಮಾರಿ ಹಡಗು ಹತ್ತುತ್ತಿದ್ದ ಕಾಲ ಅದು. ಅವರು ಒಯ್ಯಲಾರದ ಸಾಮಾನೆಲ್ಲ ಹಾಸನಕ್ಕೆ ಬಂದು ಹರಾಜಾಗುತ್ತಿತ್ತು. ಮಂಚ, ನಿಲುವುಗನ್ನಡಿ, ಪಿಂಗಾಣಿ ಬಸಿ, ಗೋಡೆಗೆ ತೂಗುಹಾಕುವ ಕಡವೆ ಕೊಂಬು, ಏನುಂಟು ಏನಿಲ್ಲ! ಭಾವ ಒಂದು ದಿನ ಮಂಡಿಗೆ ದೊಡ್ಡ ತಕ್ಕಡಿ ತರುತ್ತೇನೆಂದು ಬೆಳಗಿನ ಬಸ್ಸು ಹತ್ತಿದವರು ಸಂಜೆಗೆ ಬರಿಗೈಯಲ್ಲಿ ಬಂದರು.

“ಎಲ್ಲಿ ತಕ್ಕಡಿ?” ಎಂದಳು ಅಕ್ಕ.

“ತಕ್ಕಡಿ ಸಿಗ್ಲಿಲ್ಲ ಕಣೆ. ಇದು ಸಿಕ್ತು,” ಎಂದು ಭಾವ ಜೇಬಿನಿಂದ ಪುಟ್ಟ ಪೆಟ್ಟಿಗೆ ತೆಗೆದು ಮುಚ್ಚಳ ಎತ್ತಿದರು. ಒಳಗೆ ರೆಕ್ಕೆ ಬಿಚ್ಚಿದ ಪಾರಿವಾಳ. ಮೈತುಂಬ ಸಾಸಿವೆಗಿಂತ ಒಂಚೂರು ದೊಡ್ಡದಾದ ನೀಲಿ ಕಲ್ಲುಗಳು. ದೊರೆಸಾನಿಯರು ಎದೆಗೆ ಚುಚ್ಚಿಕೊಳ್ಳುವ ಬ್ರೋಚು. ಅಕ್ಕನ ಮುಖ ಹೇಗೆ ಅರಳಿತು ಅಂತೀರಿ! ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಚಾಚಿದಳು. ಭಾವ ಆ ಕೈಯನ್ನು ದಾಟಿಕೊಂಡು ನೇರ ಕನ್ನಡಿಯ ಮುಂದೆ ಹೋಗಿ, ಹಕ್ಕಿಯನ್ನು ತಮ್ಮ ಕೋಟಿಗೆ ಚುಚ್ಚಿಕೊಂಡು, ತಿರುಗಿ, “ಎಂಗದೆ?” ಎಂದರು.

ಚಾಚಿದ ಕೈಯನ್ನು ಸುಮ್ಮನೆ ಹಿಂದಕ್ಕೆ ಎಳೆದುಕೊಳ್ಳುವುದಾದರೂ ಹೇಗೆ? ಅಕ್ಕ ಖಾಲಿ ಪೆಟ್ಟಿಗೆಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅದರಲ್ಲಿ ಲವಂಗ ತುಂಬಿಟ್ಟಳು.

ಹರಾಜು ಕೂಗುವವನು ಆ ಕಲ್ಲಿಗೆ ಇಂಗ್ಲಿಷಿನಲ್ಲಿ ಟರ್ಕಾಯ್ಸ್ ಎಂದೋ ಏನೋ ಹೆಸರು ಹೇಳಿದ್ದನಂತೆ. ಭಾವನ ಕಿವಿಗೆ ಬಿದ್ದದ್ದು ‘ಟರ್ಕಿ’ ಮಾತ್ರ. ಅಂದಿನಿಂದ ಅದು ಟರ್ಕಿ ಕಲ್ಲು. ಹಾಸನದ ಸೇಟು ಒಬ್ಬರು, “ಇದಕ್ಕೆ ಪಿರೋಜ ಅಂತಾರೆ ಗೌಡ್ರೇ,” ಎಂದು ತಿದ್ದಲು ನೋಡಿದರು. “ನಿಮ್ಮ ಅಂಗ್ಡೀಲಿ ಅಂಗಂತೀರೇನೋ. ನಮ್ಮನೇಲಿ ಟರ್ಕಿ,” ಎಂದು ಭಾವ ಅವರ ಬಾಯಿ ಮುಚ್ಚಿಸಿದರು.

ಹಕ್ಕಿಯಾದ ಮೇಲೆ ಅರ್ಧಚಂದ್ರ ಬಂತು. ಆಮೇಲೆ ಕುದುರೆ ಲಾಳ. ಆಮೇಲೆ ತನ್ನ ಬಾಲವನ್ನು ತಾನೇ ಕಚ್ಚಿಕೊಂಡ ಹಾವು. ಎಲ್ಲಿ ದೊರೆ ಹೊರಟನೆಂಬ ಸುದ್ದಿ ಸಿಕ್ಕಿದರೂ ಭಾವ ಹಾಜರು. ಬೇರೆ ಬಣ್ಣದ ಕಲ್ಲನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕೆಂಪಿನದು, ಬಿಳಿಯದು, ಯಾವುದೂ ಬೇಡ! ಯಾಕೆ ಭಾವ ಇದೊಂದು ಹುಚ್ಚು ಎಂದು ಒಮ್ಮೆ ಕೇಳಿದೆ.

“ನೋಡಮ್ಮಣ್ಣಿ, ಬೆಳಗ್ಗಿಂದ ಸಂಜೇಗಂಟ ನಾನು ನೋಡೋದೆಲ್ಲಾ ಕಂದು. ಕಾಯಿ ಕಂದು, ನಾರು ಕಂದು, ಗೋಣಿಚೀಲ ಕಂದು. ಕಣ್ಣಿಗೆ ಒಂಚೂರು ನೀಲಿ ಬ್ಯಾಡ್ವಾ?”

“ಕೋಟಿಗೆ ಚುಚ್ಚಿಕೊಂಡರೆ ಅದು ನಿಮ್ಮ ಕಣ್ಣಿಗೆ ಹೇಗೆ ಕಾಣುತ್ತೆ?” ಎಂದೆ.

ಭಾವ ಕೊಂಚ ಯೋಚಿಸಿದರು. “ಬಗ್ಗಿದ್ರೆ ಕಾಣ್ತದೆ,” ಎಂದರು.

ಇದರಿಂದ ಊರಿನಲ್ಲಿ ತಮ್ಮ ಘನತೆ ಹೆಚ್ಚಿತೆಂದೇ ಭಾವನ ನಂಬಿಕೆ. ಮಹಾರಾಜರ ಅರಮನೆಯಿಂದ ಬಂದ ಪದಕವೋ ಏನೋ ಎಂದು ಜನ ತಿಳಿಯುತ್ತಾರೆ ಎಂದು ಒಳಗೊಳಗೇ ಆಸೆ. ಜನ ತಿಳಿದದ್ದೇನು? ಒಮ್ಮೆ ಭಾವ ಕೊಣನೂರಿನ ಸಂತೆಗೆ ಹೋದವರು, ಅಲ್ಲೇ ಹತ್ತಿರದ ಹಳ್ಳಿಯೊಂದರಲ್ಲಿ ರೈತರೊಬ್ಬರ ಹತ್ತಿರ ಒಳ್ಳೆಯ ಕೊಬ್ಬರಿ ಇದೆ ಎಂದು ಕೇಳಿ ಅವರ ಮನೆಗೆ ಹೋದರು. ಎದೆಯ ಮೇಲೆ ಅರ್ಧಚಂದ್ರ ಥಳಥಳ ಹೊಳೆಯುತ್ತಿತ್ತು. ಜಗಲಿಯ ಮೇಲೆ ಕೂತಿದ್ದ ಯಜಮಾನರು ಇವರನ್ನು ಕಂಡದ್ದೇ ಎದ್ದು ಒಳಗೆ ನುಗ್ಗಿ ಹಿತ್ತಲ ಬಾಗಿಲಿನಿಂದ ಓಡಿಬಿಟ್ಟರು! ಮನೆಯಾಕೆ ಹೊರಗೆ ಬಂದು, “ಅವರಿಲ್ಲ ಸಾ. ನೆಂಟರೂರಿಗೆ ಓಗವ್ರೆ. ಯಾವಾಗ ಬತ್ತಾರೋ ಗೊತ್ತಿಲ್ಲ,” ಎಂದರು.

“ಈಗ ಇಲ್ಲೇ ಕುಂತಿದ್ರಲ್ಲವ್ವಾ!”

“ಅದು ಅವರ ತಮ್ಮ ಸಾ.”

ಆಮೇಲೆ ತಿಳಿದದ್ದು, ಆ ಮನೆಯವರಿಗೂ ಪಕ್ಕದ ಹೊಲದವರಿಗೂ ಬದುವಿನ ವಿಷಯಕ್ಕೆ ವ್ಯಾಜ್ಯ ನಡೆದಿತ್ತು. ಅಮಲ್ದಾರ್ ಕಚೇರಿಯಿಂದ ನೋಟೀಸು ತರುವ ಜವಾನರು ಎದೆಗೆ ಹಿತ್ತಾಳೆ ಬಿಲ್ಲೆ ಹಾಕಿಕೊಳ್ಳುತ್ತಿದ್ದರಲ್ಲ, ಅದರ ಹೊಸ ಮಾದರಿ ಬಂದಿರಬೇಕೆಂದು ಯಜಮಾನರು ತಿಳಿದಿದ್ದರು! ಇದನ್ನು ಕೇಳಿ ಅಕ್ಕ ನಕ್ಕದ್ದು ನೋಡಬೇಕಿತ್ತು. ಭಾವ ಮಾತ್ರ ಬಹಳ ಹೊತ್ತು ಮುಖ ದಪ್ಪ ಮಾಡಿಕೊಂಡು ಕೂತಿದ್ದರು. “ಜವಾನ ಅಂದ್ಕಂಡ್ನಾ! ಕಡೇಪಕ್ಷ ಅಮಲ್ದಾರ ಅಂದ್ಕಬಾರ್ದಾಗಿತ್ತಾ?”

ಮುಂದಿನ ವರ್ಷ ಇನ್ನೊಂದು ಆಪತ್ತು. ನೀಲಿ ಪಾರಿವಾಳ ದಿನೇ ದಿನೇ ಹಸಿರಾಗತೊಡಗಿತು. ಮೊದಲು ರೆಕ್ಕೆಯ ತುದಿ, ಆಮೇಲೆ ಕೊರಳು, ಆಮೇಲೆ ಇಡೀ ಹಕ್ಕಿ. ಭಾವನ ಊಟ ಕಡಿಮೆಯಾಯಿತು. ಭಾವನ ತಾಯಿ, ನಾವೆಲ್ಲ ದೊಡ್ಡವ್ವ ಎನ್ನುತ್ತಿದ್ದವರು, ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ಉಪ್ಪು ನಿವಾಳಿಸಿದರು. ಹಕ್ಕಿಗೆ! ಅದರಿಂದಲೂ ಗುಣ ಕಾಣದೆ ಭಾವ ಚನ್ನರಾಯಪಟ್ಟಣಕ್ಕೆ ಓಡಿದರು. ಅಲ್ಲಿ ಶ್ರವಣಬೆಳಗೊಳದ ಕಡೆಯ ಜೈನರೊಬ್ಬರ ಒಡವೆ ಅಂಗಡಿಯಿತ್ತು. ಅವರು ಬ್ರೋಚನ್ನು ಕಣ್ಣಿಗೆ ಹಿಡಿಯುವ ಬದಲು ಮೂಗಿಗೆ ಹಿಡಿದರು.

“ಗೌಡ್ರೇ, ಇದಕ್ಕೆ ಏನೂ ರೋಗವಿಲ್ಲ. ನಿಮ್ಮ ಕೈಯಲ್ಲಿರೋ ಕೊಬ್ಬರಿ ಎಣ್ಣೆ ಕುಡಿದಿದೆ, ಅಷ್ಟೇ. ಈ ಕಲ್ಲು ಜಿಡ್ಡು ಹೀರಿದರೆ ಹಸಿರಾಗುತ್ತೆ.”

“ವಾಪಸ್ ನೀಲಿ ಆಯ್ತದಾ?”

“ಇಲ್ಲ. ಇನ್ಮೇಲೆ ಗಿಣಿ ಅಂತ ಹೇಳ್ಕೊಂಡು ತಿರುಗಿ.”

ಅಂದಿನಿಂದ ಭಾವ ಬ್ರೋಚು ಮುಟ್ಟುವ ಮೊದಲು ಕಡಲೆಹಿಟ್ಟು ಹಚ್ಚಿ ಮೊಣಕೈವರೆಗೂ ತೊಳೆಯತೊಡಗಿದರು. ನೀರು ಹಾಕಿ ಹಾಕಿ ಸಾಕಾದ ಅಕ್ಕ, “ಮದ್ವೇಲಿ ನನ್ನ ಕೈ ಹಿಡಿವಾಗ್ಲೂ ಇಷ್ಟು ತೊಳ್ದಿರ್ಲಿಲ್ಲ ನೀವು,” ಎಂದಳು.

ಇನ್ನು ನನ್ನನ್ನು ನೋಡಲು ಗಂಡಿನ ಕಡೆಯವರು ಬಂದದ್ದನ್ನು ಹೇಳದೆ ಹೇಗೆ ಬಿಡಲಿ? ಅಪ್ಪ ತೀರಿಕೊಂಡಿದ್ದರಿಂದ ಭಾವನೇ ಹಿರಿಯ. ಹಿರಿಯ ಎಂದಮೇಲೆ ಒಂದು ಬ್ರೋಚು ಸಾಕೇ? ಗಿಣಿ, ಚಂದ್ರ, ಹಾವು ಮೂರನ್ನೂ ಚುಚ್ಚಿಕೊಂಡು ಚಾಪೆಯ ಮೇಲೆ ಕೂತರು. ನಾನು ಹೊಸ ಸೀರೆ ಉಟ್ಟು, ತಲೆ ತಗ್ಗಿಸಿ, ಕಾಫಿ ತಂದೆ. ಒಬ್ಬರಾದರೂ ನನ್ನ ಕಡೆ ನೋಡಬೇಡವೇ? ಹುಡುಗನ ತಂದೆ ಹಾವನ್ನು ನೋಡುತ್ತಿದ್ದರು. ತಾಯಿ ಚಂದ್ರನನ್ನು ನೋಡುತ್ತಿದ್ದರು. ಹುಡುಗ ಗಿಣಿಯಿಂದ ಕಣ್ಣು ಕೀಳಲಿಲ್ಲ. ನಾನು ಲೋಟಗಳನ್ನು ಇಟ್ಟು ಒಳಗೆ ಬಂದೆ. ಒಂದು ವಾರ ಕಳೆದ ಮೇಲೆ ಅವರಿಂದ ಹೇಳಿಕೆ ಬಂತು: “ಹುಡುಗೀನ ಇನ್ನೊಂದು ಸಲ ನೋಡ್ಬೇಕು. ಈ ಸಲ ಭಾವನೋರು ಕೋಟು ಬಿಚ್ಚಿಟ್ಟಿದ್ರೆ ಒಳ್ಳೇದು.”

ಆ ಹುಡುಗನನ್ನೇ ಮದುವೆಯಾದೆ. ಅಂದು ನಾನು ಉಟ್ಟ ಸೀರೆಯ ಬಣ್ಣ ಯಾವುದೆಂದು ಇವರನ್ನು ಇಂದಿಗೂ ಕೇಳಿ ನೋಡಿ, “ಹಸಿರು” ಎನ್ನುತ್ತಾರೆ. ಅದು ಕುಂಕುಮದ ಬಣ್ಣ!

ಮದುವೆ ಗೊತ್ತಾಗಿ ಇನ್ನೂ ನಡೆಯದಿದ್ದ ದಿನಗಳಲ್ಲಿ ಭಾವ ಹಾಸನದಿಂದ ಒಂದು ದುಂಡನೆಯ ಬ್ರೋಚು ತಂದರು. ಇದು ಹಳೆಯದರಲ್ಲೆಲ್ಲ ಹಳೆಯದು. ನಡುವೆ ಚಿನ್ನದ ತಗಡು, ಸುತ್ತ ಪುಟ್ಟ ನೀಲಿ ಹೂಗಳು. ಹಿಂಭಾಗದಲ್ಲಿ ಉಗುರಿನಗಲದ ಗಾಜು. ಗಾಜಿನ ಒಳಗೆ ಹೊಂಬಣ್ಣದ ನವಿರಾದ ಸುರುಳಿಯೊಂದು. “ಜರಿ ಎಳೆ! ದೊರೆಗಳ ಕೆಲ್ಸ ನೋಡು, ಕಾಣ್ದೇ ಇರೋ ಕಡೇಲೂ ಜರಿ!” ಎಂದು ಭಾವ ಮಂಡಿಗೆ ಬಂದವರಿಗೆಲ್ಲ ಬ್ರೋಚು ಬಿಚ್ಚಿ ಹಿಂಬದಿ ತಿರುವಿ ತೋರಿಸಿದ್ದೇ ತೋರಿಸಿದ್ದು. ಚನ್ನರಾಯಪಟ್ಟಣದ ಅಂಗಡಿಯವರಿಗೂ ತೋರಿಸಿ ಬಂದರು.

ದೊಡ್ಡವ್ವನ ಕಾಲಿಗೆ ಗಾಯವಾಗಿ, ಪಟ್ಟಿ ಕಟ್ಟಲು ಆಸ್ಪತ್ರೆಯ ನರ್ಸಮ್ಮ ಮನೆಗೆ ಬರುತ್ತಿದ್ದರು. ಹಿಂದೆ ದೊರೆಗಳ ಮನೆಗಳಲ್ಲಿ ಬಾಣಂತನ ಮಾಡಿಸಿದ್ದವರು. ಭಾವ ಅವರಿಗೂ ಜರಿ ತೋರಿಸಿದರು. ನರ್ಸಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, ಮೆಲ್ಲಗೆ ಹೇಳಿದರು: “ಇದು ಜರಿಯಲ್ಲ ಗೌಡ್ರೇ, ಕೂದಲು. ಅವರಲ್ಲಿ ಹಿಂದೆ ಮಗು ತೀರಿಕೊಂಡರೆ ಒಂದು ಸುರುಳಿ ಕತ್ತರಿಸಿ ಹೀಗೆ ಇಟ್ಕೋತಿದ್ರು. ತಾಯಿ ಹಾಕ್ಕೊಳ್ಳೋಕೆ.”

ಅಯ್ಯೋ, ಆಮೇಲೆ ಆ ಮನೆಯಲ್ಲಿ ಎದ್ದ ಗದ್ದಲವೇ!

“ಸತ್ತ ಕೂಸಿನ ಕೂದ್ಲಾ! ಅದುನ್ನ ಎದೆ ಮ್ಯಾಲೆ ಸಿಗುಸ್ಕಂಡು ದೇವ್ರ ಮನೆಗೂ ಬಂದ್ಯಲ್ಲೋ ಪಾಪಿ!” ಎಂದು ದೊಡ್ಡವ್ವ ಕಟ್ಟಿದ ಪಟ್ಟಿಯನ್ನೂ ಲೆಕ್ಕಿಸದೆ ಎದ್ದು ನಿಂತರು. ಭಾವನನ್ನು ಕೋಟು ಟೋಪಿ ಸಮೇತ ಬಚ್ಚಲಿಗೆ ತಳ್ಳಿದರು. ಮನೆ ತೊಳೆಸಿದರು. ಗಂಜಲ ಚಿಮುಕಿಸಿದರು. ಅಮಾಯಕ ನರ್ಸಮ್ಮನ ಮೇಲೂ ನಾಲ್ಕು ಹನಿ ಬಿತ್ತು. ಅಷ್ಟು ದೊಡ್ಡ ಆಳು, ಒದ್ದೆ ಕೋಟಿನಲ್ಲಿ ನಡುಗುತ್ತಾ, “ಗೊತ್ತಿರ್ಲಿಲ್ಲ ಕಣವ್ವಾ,” ಎನ್ನುತ್ತಾ ಬಚ್ಚಲ ಬಾಗಿಲಲ್ಲಿ ನಿಂತಿದ್ದರು. ಬ್ರೋಚನ್ನು ಇಕ್ಕಳದಲ್ಲಿ ಹಿಡಿದು ಬಾಳೆಲೆಯ ಮೇಲೆ ಇಟ್ಟದ್ದಾಯಿತು. ಹೇಮಾವತಿಯ ಹೊಳೆಗೆ ಎಸೆದು ಬರಬೇಕೆಂದು ದೊಡ್ಡವ್ವನ ಅಪ್ಪಣೆ. ಭಾವನಿಗೂ ಹೆದರಿಕೆ ಹೊಕ್ಕಿತ್ತು. ಎಲೆಯನ್ನು ಎತ್ತಿಕೊಂಡು ಹೊರಟರು.

ಇಷ್ಟು ಹೊತ್ತೂ ಅಕ್ಕ ಅಡುಗೆಮನೆಯಲ್ಲೇ ಇದ್ದಳು. ಹೊರಗೆ ಬಂದವಳು ಸೀದಾ ಭಾವನ ಮುಂದೆ ನಿಂತು, ಎಲೆಯ ಮೇಲಿದ್ದುದನ್ನು ಕೈಗೆ ತೆಗೆದುಕೊಂಡಳು.

“ಮುಟ್ಬ್ಯಾಡ ಕಣೇ!” ಎಂದು ದೊಡ್ಡವ್ವ ಕೂಗಿದರು.

ಅಕ್ಕನಿಗೆ ಕೇಳಿಸಿದಂತೆ ಕಾಣಲಿಲ್ಲ. ಬ್ರೋಚನ್ನು ಹಿಂದುಮುಂದಾಗಿ ತಿರುಗಿಸಿ, ಗಾಜಿನೊಳಗಿನ ಸುರುಳಿಯನ್ನು ನೋಡುತ್ತಾ ನಿಂತಳು. ಆಮೇಲೆ, ಯಾರಿಗೂ ಅಲ್ಲವೆಂಬಂತೆ, “ನಮ್ದುಕ್ಕೂ ಇಷ್ಟೇ ಇತ್ತಲ್ವಾ ಕೂದ್ಲು,” ಎಂದಳು.

ಓದುವ ನಿಮಗೆ ಇದನ್ನು ಹೇಳಬೇಕು. ನಾನು ಆ ಊರಿಗೆ ಹೋಗುವುದಕ್ಕೂ ಎಷ್ಟೋ ಮೊದಲು, ಅರಕಲಗೂಡಿನ ನಮ್ಮ ಮನೆಯಲ್ಲಿ ಅಕ್ಕನಿಗೆ ಒಂದು ಹೆಣ್ಣುಮಗು ಹುಟ್ಟಿತ್ತು. ಹೆಸರಿಡುವ ಮುಂಚೆ ಜ್ವರ ಬಂದು ತೀರಿಕೊಂಡಿತು. ಭಾವ ಸುದ್ದಿ ತಿಳಿದು ಬಸ್ಸು ಹಿಡಿದು ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅವರು ಮಗುವಿನ ಮುಖ ನೋಡಲಿಲ್ಲ. ಅಕ್ಕನಿಗೆ ಮತ್ತೆ ಮಕ್ಕಳಾಗಲಿಲ್ಲ. ಆ ಮಗುವಿನ ವಿಷಯವನ್ನು ಆ ಮನೆಯಲ್ಲಿ ಯಾರೂ ಆಡಿದ್ದನ್ನು ನಾನು ಕೇಳಿರಲಿಲ್ಲ.

“ಒಂದೆಳೆ ಎತ್ತಿಟ್ಕಬೋದು ಅಂತ ಗೊತ್ತೇ ಇರ್ಲಿಲ್ಲ ನೋಡಿ ನಮ್ಗೆ,” ಎಂದಳು ಅಕ್ಕ.

ದೊಡ್ಡವ್ವ ಗೋಡೆ ಹಿಡಿದುಕೊಂಡು ಮೆಲ್ಲಗೆ ಕೂತರು. “ಹೊಳೇಗೆ ಬ್ಯಾಡ ಕಣ್ಲಾ ಮಗ. ಅವ್ಳ ತಾವೇ ಇರ್ಲಿ,” ಎಂದರು.

ಭಾವ ಬಾಳೆಲೆ ಹಿಡಿದುಕೊಂಡು ನಿಂತೇ ಇದ್ದರು. ಅದನ್ನು ಎಲ್ಲಿಡಬೇಕೆಂದು ತೋಚಲಿಲ್ಲವೇನೋ. ನಾನು ಹೋಗಿ ಅವರ ಕೈಯಿಂದ ಈಸಿಕೊಂಡೆ. ಅಕ್ಕ ಬ್ರೋಚನ್ನು ಸೆರಗಿನ ಒಳಮಗ್ಗುಲಿಗೆ, ಹೊರಗಿನವರ ಕಣ್ಣಿಗೆ ಬೀಳದ ಹಾಗೆ, ಚುಚ್ಚಿಕೊಂಡು ಒಲೆಯ ಮೇಲಿದ್ದ ಸಾರು ನೋಡಲು ಹೋದಳು.

ನನ್ನ ಮದುವೆಯ ಒಡವೆಗೆಂದು ಆಮೇಲೊಂದು ದಿನ ಭಾವನ ಜೊತೆ ಚನ್ನರಾಯಪಟ್ಟಣಕ್ಕೆ ಹೋಗಿದ್ದೆ. ಭಾವನ ಕೋಟಿನ ಮೇಲೆ ಅಂದು ಕುದುರೆ ಲಾಳವಿತ್ತು. ಅಂಗಡಿಯವರು ಅದನ್ನು ನೋಡಿ ನಗುತ್ತಾ ಕೇಳಿದರು, “ಏನು ಗೌಡ್ರೇ, ಆ ದುಂಡನೇದು ಹಾಕ್ಕೊಂಡು ಬಂದಿಲ್ಲ? ಯಾರಿಗಾದರೂ ಕೊಟ್ಟುಬಿಟ್ರಾ?”

“ಇಲ್ಲ ಸ್ವಾಮಿ, ಮನೇಲವ್ಳೆ,” ಎಂದರು ಭಾವ. “ಅವ್ರವ್ವನ ತಾವ.”