ಬಟಾಟೆ ತೇಲಿದ ಕಡಲು

ವಿಜಾಪುರದಲ್ಲಿ ಕಡಲ ಮೀನು ಸಾಕುವುದು ಕಷ್ಟವೆಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಕಡಲೆಂದರೆ ಏನು? ಉಪ್ಪುನೀರು. ನಮ್ಮ ಹಿತ್ತಲ ಬಾವಿಯಲ್ಲಿದ್ದದ್ದೂ ಸವುಳು ನೀರೇ. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಬಿಡುತ್ತಿರಲಿಲ್ಲ. ಅರ್ಧ ಕಡಲು ಮನೆಯಲ್ಲೇ ಇದೆ, ಇನ್ನರ್ಧವನ್ನು ಕಿರಾಣಿ ಅಂಗಡಿಯಿಂದ ತಂದರಾಯಿತು ಎಂದುಕೊಂಡೆ.

ಇದಕ್ಕೆಲ್ಲ ಕಾರಣ ತಂಗಿ ಕಮಲಾ. ಬಬಲೇಶ್ವರದ ಹುಡುಗನೊಬ್ಬ ಅವಳನ್ನು ನೋಡಲು ಬರುವವನಿದ್ದ. ತಲೆತಲಾಂತರದಿಂದ ಮೀನು ಮುಟ್ಟದ ಮನೆತನ. ಹುಡುಗನಿಗೆ ಮಾತ್ರ ಕಾರವಾರದಲ್ಲಿ ಮೀನುಗಾರಿಕೆ ಇಲಾಖೆಯ ನೌಕರಿ. ಕಮಲಾ ಅವನನ್ನು ಯಾರದೋ ಮದುವೆಯಲ್ಲಿ ನೋಡಿ ಮೆಚ್ಚಿದ್ದಳು. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ನನಗೆ ಕೈಮುಗಿದಳು, ಅದರಿಂದ ತಿಳಿಯಿತು.

“ಯಣ್ಣಾ, ಈ ಸಲ ನೀ ಏನೂ ಮಾಡಬ್ಯಾಡ.”

ಹಿಂದಿನ ಸಲ ಬಂದವರಿಗೆ ನಾನೇ ತಯಾರಿಸಿದ ಕರೆಂಟಿನ ಕರೆಗಂಟೆಯನ್ನು ಒತ್ತಲು ಹೇಳಿದ್ದೆ. ಹುಡುಗನ ತಂದೆ ಒತ್ತಿದರು. ಗಂಟೆ ಕೂಗಲಿಲ್ಲ, ಅವರು ಕೂಗಿದರು. ಸಂಬಂಧ ಹೊಸ್ತಿಲಲ್ಲೇ ನಿಂತಿತು.

ಆದರೆ ಮೀನಿನ ಇಲಾಖೆಯವನ ಕಣ್ಣೆದುರು ಕಡಲ ಮೀನಿನ ಗಾಜಿನ ತೊಟ್ಟಿ ಇದ್ದರೆ? ಹಿಂದಿನ ಅಪಕೀರ್ತಿಯೆಲ್ಲ ಅದರಲ್ಲಿ ಮುಳುಗಿಹೋಗುತ್ತದೆ.

ವಿದ್ಯೆ ಸಿಕ್ಕಿದ್ದು ಚುರಮುರಿ ಕಟ್ಟಿಕೊಟ್ಟ ಇಂಗ್ಲಿಷ್ ಪತ್ರಿಕೆಯ ಹಾಳೆಯಲ್ಲಿ. ಚುರಮುರಿಯಲ್ಲ, ಪುಠಾಣಿ ಎನ್ನುತ್ತಾಳೆ ಹೆಂಡತಿ ಶಾರದಾ. ಇರಬಹುದು; ನನ್ನ ನೆನಪಿಗೆ ನಾನೇ ಜಾಮೀನು ನಿಲ್ಲಲಾರೆ. ತೊಟ್ಟಿ ಎಷ್ಟು ದೊಡ್ಡದಿರಬೇಕು, ಮರಳನ್ನು ಹೇಗೆ ತೊಳೆಯಬೇಕು, ಎಲ್ಲ ಅದರಲ್ಲಿತ್ತು. ಉಪ್ಪು ಎಷ್ಟು ಎನ್ನುವಲ್ಲಿ ಹಾಳೆ ಹರಿದಿತ್ತು.

ಮರಳು ತೊಳೆದೆ. ಕಬ್ಬಿಣದ ಚೌಕಟ್ಟಿಗೆ ಗಾಜು ಕೂಡಿಸಿ ತೊಟ್ಟಿ ಮಾಡಿದೆ. ಶಾರದಾಳ ಹತ್ತಿರ ನಳದ ನೀರು ಕೇಳಿದೆ.

“ಭೂತನಾಳ ಕೆರಿ ಸೀ ನೀರ ನಿಮ್ಮ ಮೀನಕ್ಕ? ನಮಗ ಕುಡ್ಯಾಕ ಸಾಲವಲ್ಲದು. ಬಾವಿ ಐತಲ್ಲ, ಹೋಗಿ ಸೇದ್ರಿ.”

ಸೇದಿದೆ. “ಉಪ್ಪು ಎಷ್ಟ ಹಾಕಲಿ?”

“ಉಪ್ಪಿನಕಾಯಿ ನೀರಿಗೆ ಅತ್ತಿಯವರು ಹೆಂಗ ನೋಡತಿದ್ರು? ಹಸಿ ಬಟಾಟಿ ಬಿಡೂದು. ಮುಳುಗಿದ್ರ ಉಪ್ಪು ಕಡಿಮಿ, ತೇಲಿದ್ರ ಬರೋಬ್ಬರಿ.”

ತಲೆಮಾರುಗಳಿಂದ ಪರೀಕ್ಷಿತವಾದ ಶಾಸ್ತ್ರ. ಬಟಾಟೆ ಬಿಟ್ಟೆ, ಮುಳುಗಿತು. ಉಪ್ಪು ಸುರಿದೆ. ಮತ್ತೆ ಮುಳುಗಿತು. ಕಿರಾಣಿ ಅಂಗಡಿಯವನು “ಏನ್ರಿ, ಮನ್ಯಾಗ ಏನರೆ ಹೂಳಾವ್ರ ಇದ್ದೀರೇನು?” ಎಂದು ಕೇಳುವಷ್ಟು ಸಲ ಹೋಗಿಬಂದೆ. ಕೊನೆಗೊಮ್ಮೆ ಬಟಾಟೆ ಗಂಭೀರವಾಗಿ ಮೇಲೆದ್ದು ಬಂದಿತು. ಅರಬ್ಬೀ ಸಮುದ್ರ ನಮ್ಮ ಪಡಸಾಲೆಯಲ್ಲಿ ಸಿದ್ಧವಾಯಿತು.

ನೆರೆಮನೆಯ ಖಾದರಸಾಬ ಲಾರಿ ಓಡಿಸುತ್ತಿದ್ದ. ತಿಕೋಟಾದ ದ್ರಾಕ್ಷಿ ಹೇರಿಕೊಂಡು ಕಾರವಾರಕ್ಕೆ ಹೋದವನು, ಹುಡುಗ ಬರುವ ದಿನ ಬೆಳಿಗ್ಗೆ ಒಂದು ಕೊಡದಲ್ಲಿ ಎರಡು ಜೀವಂತ ಮೀನು ತಂದ. ನೀಲಿ ಮೈಗೆ ಹಳದಿ ಪಟ್ಟೆ ಎಂದು ನನ್ನ ನೆನಪು. ಬೂದಿ ಬಣ್ಣ ಎಂದು ಕಮಲಾ.

“ಘಾಟಿನಾಗ ಕೂಸಿನಂಗ ಮಗ್ಗಲದಾಗ ಕುಂಡರಿಸಿಕೊಂಡು ತಂದೀನ್ರಿ,” ಎಂದ ಖಾದರಸಾಬ. “ಬ್ರೇಕ್ ಹೊಡದಾಗೊಮ್ಮೆ ಇಣಿಕಿ ನೋಡೀನಿ.”

ಕೊಡದ ನೀರು ವಾಸನೆ ಹೊಡೆಯುತ್ತಿತ್ತು. ಪಾಪ, ಇಂಥ ಹೊಲಸಿನಲ್ಲಿ ಮೀನು ಬದುಕುವುದೆಂತು? ಮೀನುಗಳನ್ನು ತೊಟ್ಟಿಗೆ ಬಿಟ್ಟು ನೀರನ್ನು ತುಳಸಿಗೆ ಹೊಯ್ದೆ. ವಿಜಾಪುರಕ್ಕೆ ಬಂದ ಅಸಲಿ ಕಡಲು ಅದೊಂದೇ ಎಂಬುದು ನನಗೆ ಹೊಳೆಯುವ ಮೊದಲೇ ತುಳಸಿ ಒಣಗಿತ್ತು.

ತೊಟ್ಟಿಯಲ್ಲಿ ಬಟಾಟೆ ತೇಲುತ್ತಿತ್ತು. ತುಸು ಹೊತ್ತಿಗೆ ಮೀನುಗಳೂ ತೇಲಿದವು.

“ಯಪ್ಪಾ,” ಎಂದ ಖಾದರಸಾಬ. “ಘಾಟ ದಾಟಿ ಬಂದು ಮನ್ಯಾಗ ಆಕ್ಸಿಡೆಂಟ್ ಆತಲ್ರಿ.”

ಹುಡುಗನ ಕಡೆಯವರು ಬರುವ ಹೊತ್ತಾಗಿತ್ತು. ಖಾಲಿ ಕಡಲು ತೋರಿಸುವುದು ಮರ್ಯಾದೆಯಲ್ಲ. ಅಡುಗೆಮನೆಯಿಂದ ಗಜ್ಜರಿ, ಅಂದರೆ ಕ್ಯಾರೆಟ್, ತಂದು ಮೀನಿನಾಕಾರಕ್ಕೆ ಕೆತ್ತಿದೆ, ಮೆಣಸಿನಕಾಳಿನ ಕಣ್ಣಿಟ್ಟೆ, ದಾರದಿಂದ ಕಲ್ಲಿಗೆ ಕಟ್ಟಿ ನಡುನೀರಿನಲ್ಲಿ ನಿಲ್ಲಿಸಿದೆ. ಹೊಸ ಸೀರೆ ಉಟ್ಟು ಬಂದ ಕಮಲಾ ಅದನ್ನು ಬಗ್ಗಿ ನೋಡಿದಳು. ಕಣ್ಣಲ್ಲಿ ನೀರು ಬಂದಿತ್ತು. ಅದು ಮಾತ್ರ ಸರಿಯಾದ ಉಪ್ಪಿನದು.

ಹುಡುಗ ತಾಯಿಯೊಂದಿಗೆ ಬಂದ. ಅವಲಕ್ಕಿ ತಾಟು ಕೆಳಗಿಟ್ಟು ನೇರ ತೊಟ್ಟಿಯ ಮುಂದೆ ಬಗ್ಗಿದ.

“ಇದು ಯಾವ ಜಾತಿ ಮೀನ್ರಿ?”

“ಆಳ ಸಮುದ್ರದ್ದು,” ಎಂದೆ. “ಭಾಳ ಅಪರೂಪ.”

“ರೆಕ್ಕಿ ಅಲಗಾಡವಲ್ವು?”

“ಧ್ಯಾನದಾಗ ಐತಿ.”

ತಲೆ ತಗ್ಗಿಸಿ ಕೂತಿರಬೇಕಾದ ಕಮಲಾ ತಲೆಯೆತ್ತಿದಳು. “ಗಜ್ಜರಿ ಐತ್ರಿ ಅದು. ಖರೇ ಮೀನು ಮುಂಜಾನೆ ಸತ್ತಾವು. ನಿಮಗ ಛಲೋ ಅನಸ್ಲಿ ಅಂತ ನಮ್ಮಣ್ಣ ಇಷ್ಟೆಲ್ಲಾ ಮಾಡ್ಯಾನ.”

ನಾನು ಗೋಡೆ ನೋಡಿದೆ. ಶಾರದಾ ನನ್ನನ್ನು ನೋಡಿದಳು. ಹುಡುಗ ತೊಟ್ಟಿಗೆ ಬೆರಳದ್ದಿ ನೆಕ್ಕಿದ, ಕಣ್ಣು ಮುಚ್ಚಿದ. ಕಮಲಾ ಓಡಿಹೋಗಿ ಭೂತನಾಳದ ನೀರು ತಂದಳು. ಅವನು ತಂಬಿಗೆ ಪೂರ್ತಿ ಕುಡಿದ.

“ಬಟಾಟಿ ತೇಲಿಸಿದ್ರೇನ್ರಿ ಅಣ್ಣಾರ?”

“ಹೌದ್ರಿ.”

“ನಮ್ಮವ್ವನೂ ಹಂಗ ನೋಡತಾಳ. ಆದ್ರ ಮೀನಕ್ಕಲ್ರಿ.”

ಅವನ ತಾಯಿ ಅಷ್ಟೊತ್ತಿಗೆ ತೀರ್ಮಾನಿಸಿಬಿಟ್ಟಿದ್ದರು. “ಹುಡುಗಿ ಸುಳ್ಳು ಹೇಳಂಗಿಲ್ಲ. ನಮಗ ಒಪ್ಪಿಗಿ ಐತಿ. ಕಾರವಾರಕ್ಕ ಹುಡುಗಿ ಬರತಾಳ, ಅಣ್ಣ ಬರೂದಿಲ್ಲಲ್ಲ?”

ಈ ಮದುವೆ ಕೂಡಿದ್ದು ನನ್ನ ತೊಟ್ಟಿಯಿಂದ ಎಂದು ನಾನು ಬಹಳ ದಿನ ಹೇಳಿಕೊಂಡು ತಿರುಗಿದೆ. ತೊಟ್ಟಿ ಇದ್ದರೂ ಕೂಡಿತು ಎಂದು ಶಾರದಾ ತಿದ್ದುತ್ತಿದ್ದಳು.

ಮದುವೆಯಲ್ಲಿ ಸುರಗಿಯ ಶಾಸ್ತ್ರ. ನಾಲ್ಕು ಮೂಲೆಗೆ ತುಂಬಿದ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂಡಿಸಿ ನೀರೆರೆಯುವುದು. ಮುತ್ತೈದೆಯರು ತಂಬಿಗೆ ಎತ್ತಿದರು. ಮದುಮಗ ಕೈ ಅಡ್ಡ ಹಿಡಿದ.

“ಈ ನೀರ ಯಾರು ತಂದಾರ?”

ಎಲ್ಲರೂ ನನ್ನತ್ತ ನೋಡಿದರು. ಅವನು ಬೆರಳದ್ದಿ ನಾಲಿಗೆಗೆ ಮುಟ್ಟಿಸಿದ. ಶಾಸ್ತ್ರವೇ ನಿಂತಿತು. ಕಮಲಾ ಅರಿಷಿಣದ ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

“ಸಪ್ಪಗೈತಿ,” ಎಂದ. “ಹಾಕ್ರಿ.”

ನಾನು ತಂದ ನೀರಿನ ಬಗ್ಗೆ ಒಬ್ಬರು ಒಳ್ಳೆಯ ಮಾತಾಡಿದ್ದು ಅದೊಂದೇ ಸಲ.