ನೆಮ್ಮದಿ ಸಿಕ್ಕ ಮೇಲೆ ಮಂಡಿ ಮಡಚುವವರು

ನಮ್ಮ ಕಾಕಾ ಭಾರಿ ಧೈರ್ಯವಂತರು. ಎಷ್ಟು ಅಂತೀರಿ? ತಮಗೆ ಹೆದರಿಕೆಯಾಗುತ್ತದೆ ಎಂದು ಓಣಿಗೆಲ್ಲ ಕೇಳುವಂತೆ ಹೇಳಲು ಒಂಚೂರೂ ಹೆದರುವುದಿಲ್ಲ!

ಮೂರು ತಿಂಗಳ ಹಿಂದೆ ಕುಷಾಯಿಗೂಡದ ತಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಮಂಡಿಚಿಪ್ಪು ಒಡೆದುಕೊಂಡರು. ಆಪರೇಷನ್ ಆಯಿತು. ವ್ಯಾಯಾಮ ಮಾಡಿ ಈಗ ಮಡಚದಿದ್ದರೆ ಈ ಕಾಲು ಮುಂದೆ ಮಡಚುವುದೇ ಇಲ್ಲ ಎಂದು ಡಾಕ್ಟರು ಎಚ್ಚರಿಸಿದರು. ಅಂದಿನಿಂದ ನನಗೂ ಅವರ ಹೆಂಡತಿ, ನಮ್ಮ ಕಾಕುಗೂ ತುತ್ತು ಇಳಿದಿಲ್ಲ. ಎರಡನೇ ಮಹಡಿಯ ಮನೆ, ಲಿಫ್ಟ್ ಇಲ್ಲ. ಮನುಷ್ಯ ಮೇಲೆಯೇ ಉಳಿದುಬಿಟ್ಟರೆ?

ವ್ಯಾಯಾಮ ಕಲಿಸಲು ಬಂದ ಹುಡುಗಿ ತೆಲುಗಿನವಳು. "ನೆಮ್ಮದಿಗಾ ಚೆಯ್ಯಂಡಿ ಸಾರ್" ಎಂದಳು, ನಿಧಾನವಾಗಿ ಮಾಡಿ ಅಂತ. ಮೂವತ್ತು ವರ್ಷ ಇದೇ ಊರಿನ ಆಟೋದವರನ್ನು ಅಚ್ಚ ತೆಲುಗಿನಲ್ಲಿ ಬೈದ ಕಾಕಾಗೆ ಆ ಒಂದು ಪದ ಮಾತ್ರ ಕನ್ನಡದಲ್ಲಿ ಕೇಳಿಸಬೇಕೆ!

"ನೆಮ್ಮದಿ ಇದ್ದಾಗ ಮಾಡ್ರಿ ಅಂದಾಳ. ಈ ಮನ್ಯಾಗ ನೆಮ್ಮದಿ ಎಲ್ಲೈತಿ? ಕುಕ್ಕರ್ ಸೀಟಿ ಹೊಡ್ಯಾಕತ್ತೈತಿ, ನಿನ್ನ ಕಾಕು ಒದರಾಕತ್ತಾಳ!"

ಕಾಕು ಕುಕ್ಕರ್ ಇಳಿಸಿ ಬಾಯಿ ಮುಚ್ಚಿ ಕೂತರು. ಆಗ ಕಾಕಾ ಏನಂದರು ಗೊತ್ತೇ? "ಹಿಂಗ ಸುಮ್ನ ಕುಂತ್ರ ಇನ್ನೂ ಅಂಜಿಕಿ ಬರ್ತೈತಿ!"

ಕೊನೆಗೆ ಆ ಹುಡುಗಿ ವ್ಯಾಯಾಮದ ಪಟ್ಟಿಯನ್ನೇ ಬದಲಿಸಿದಳು. ನೆಲದ ಮೇಲಿನದು ಮಂಚದ ಮೇಲೆ, ಹತ್ತು ಸಲದ್ದು ಮೂರು ಸಲ, ಕುರ್ಚಿಯಿಂದ ಏಳುವುದು ಟೇಬಲ್ ಹಿಡಿದು. ಕಾಕಾ ಕಾರ್ಖಾನೆಯಲ್ಲಿ ಮಾಲು ತಪಾಸಣೆ ಮಾಡಿ ನಿವೃತ್ತರಾದವರು, ಅಷ್ಟಕ್ಕೆ ಬಿಡುತ್ತಾರೆಯೇ? ತಲೆಗೆ ಹೆಲ್ಮೆಟ್, ಹಿಂದೆ ಮುಂದೆ ದಿಂಬು, ಸೊಂಟಕ್ಕೆ ಕಾಕುವಿನ ಹಳೇ ಸೀರೆ. ಸೀರೆಯ ಇನ್ನೊಂದು ತುದಿ ಕಿಟಕಿಯ ಸರಳಿಗೆ! ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಮನೆಯವರು ಬಾಗಿಲಲ್ಲೇ ನಿಂತು "ಎಕ್ಕಡಿಕಿ ಸಾರ್?" ಎಂದರು, ಎಲ್ಲಿಗೆ ಹೊರಟಿರಿ ಅಂತ. ಎಲ್ಲಿಗೂ ಇಲ್ಲ, ಎದ್ದು ನಿಲ್ಲುತ್ತಿದ್ದೇನೆ ಎಂದು ಕಾಕಾ ಗಂಭೀರವಾಗಿ ತೆಲುಗಿನಲ್ಲೇ ಉತ್ತರಿಸಿದರು.

ನಕ್ಕು ನಕ್ಕು ನಮಗೆ ಸಾಕಾಯಿತು. ಆದರೂ ಎದ್ದರು ನೋಡಿ! ಮಂಡಿ ದಿನಕ್ಕಿಷ್ಟು ಮಡಚತೊಡಗಿತು.

ಉಳಿದದ್ದು ಮೆಟ್ಟಿಲು ಇಳಿಯುವುದು. ನೋವಿನ ಕಾಲು ಮೊದಲು, ಅದೇ ಮೆಟ್ಟಿಲಿಗೆ ಇನ್ನೊಂದು ಕಾಲು ಆಮೇಲೆ. ಹಿಡಿಯುವವರು ಒಂದು ಮೆಟ್ಟಿಲು ಕೆಳಗೆ ನಿಲ್ಲಬೇಕು. ಕಳೆದ ಭಾನುವಾರ ನಾನು ಊರಿನ ಇನ್ನೊಂದು ತುದಿಯ ಕೂಕಟ್‌ಪಲ್ಲಿಯಿಂದ ಅದಕ್ಕೆಂದೇ ಹೋದೆ. ಕೆಳಗೆ ನಿಲ್ಲಲು ಹೊರಟರೆ ಕಾಕು ಜಾಗ ಬಿಡಲಿಲ್ಲ. ಹಿಂದೆ ನಿಂತು ಕಾಕಾನ ತೋಳು ಹಿಡಿದೆ. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಹತ್ತು ನಿಮಿಷವಾದರೂ ಕಾಲು ಇಳಿಯಲಿಲ್ಲ.

"ಕಾಲು ಮುರಿಯೂದಿಲ್ಲ, ಇಳೀರಿ ಕಾಕಾ" ಎಂದೆ.

"ಕಾಲಿಗೆ ಯಾಂವ ಅಂಜತಾನೋ ತಮ್ಮಾ?" ಕಾಕಾ ಕೆಳಗೆ ನಿಂತ ಕಾಕುವಿನತ್ತ ನೋಡಿದರು. "ಆವತ್ತ ನಾ ಬಿದ್ದಾಗ ಈಕಿ ಒಬ್ಬಾಕೇ ನನ್ನ ಎತ್ತಾಕ ಒದ್ದಾಡಿದ್ಲು. ಮಾರಿ ಬೆಳ್ಳಗಾಗಿ, ಎದಿ ಹಿಡಕೊಂಡು ಕುಂತ್ಲು. ಮತ್ತ ಬಿದ್ರ ಈಕಿ ಮ್ಯಾಲೇ ಬೀಳ್ತೀನಿ. ಈಕಿಗೆ ಏನರ ಆದ್ರ..."

ಇಷ್ಟು ದಿನ ನಾವು ನಕ್ಕದ್ದು ಇದಕ್ಕೇ?

ಕಾಕು ಎರಡೂ ಕೈ ಮೇಲಕ್ಕೆ ಚಾಚಿದರು.

"ಬೀಳೂದಿದ್ರ ನನ್ನ ಮ್ಯಾಲೇ ಬೀಳ್ರಿ. ಒಬ್ರೇ ಬೀಳಬ್ಯಾಡ್ರಿ."

ಕಾಕಾ ನೋವಿನ ಕಾಲನ್ನು ಕೆಳಗಿಟ್ಟರು.