ಜಗಲಿ ಏರಿದ ಸಿ.ಡಿ.

ಅದಿರು ಲಾರಿಗಳ ಕಾಲದಲ್ಲಿ ಹೊಸಪೇಟೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ಸಿಟ್ಟು ಬರದ ದಿನವೇ ಇರಲಿಲ್ಲ. ಕಂಪ್ಯೂಟರನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ ಬೂಟ್‌ಲೋಡರ್. ಅದು ಕೆಟ್ಟರೆ ಪರದೆ ಕಪ್ಪಗೆ ನಿಲ್ಲುತ್ತದೆ. ಆಗ ನನ್ನ ರೆಸ್ಕ್ಯೂ ಸಿ.ಡಿ.ಯಿಂದ ಮಿಷನ್ ಎಬ್ಬಿಸಿ, ಒಳಹೊಕ್ಕು ಸರಿಮಾಡಬೇಕು. ಆ ಸಿ.ಡಿ. ಇದ್ದದ್ದು ಒಂದೇ. ಇನ್ನೊಂದು ಮಾಡಿಕೊಳ್ಳೋಣವೆಂದರೆ ನನ್ನ ಸಿ.ಡಿ. ರೈಟರ್ ಅದಿರಿನ ಕೆಂಪು ಧೂಳು ತಿಂದು ಸತ್ತಿತ್ತು.

೧

ಕಂಪ್ಲಿಯ ರೈಸ್‌ಮಿಲ್. ಸಿ.ಡಿ. ಹಾಕಿದೆ, ಪರದೆ ಬೆಳಗಿತು. ಅರ್ಧ ಕೆಲಸವಾಗಿತ್ತು, ಸಾಹುಕಾರರು ಬಂದು ಗೋಡೆಯ ಸ್ವಿಚ್ ಆರಿಸಿದರು.

"ಬಂತಲ್ರೀ, ಸಾಕು. ಸುಮ್ನ ಯಾಕ ಉರೀಬೇಕು? ಚಾ ಕುಡೀರಿ."

ಮೊದಲಿಂದ ಶುರುಮಾಡಿದೆ. ಎರಡನೇ ಸಲ ಚಾ ಬಂದಾಗ ಒಂದು ಕೈಯಲ್ಲಿ ಲೋಟ ಹಿಡಿದು, ಇನ್ನೊಂದು ಕೈಯಿಂದ ಸ್ವಿಚ್ ಮುಚ್ಚಿಕೊಂಡೇ ಕುಡಿದೆ.

೨

ಸಂಡೂರಿನ ಮೇಷ್ಟ್ರೊಬ್ಬರ ಮನೆ. ಎರಡು ತಾಸು ಕೀಲಿಮಣೆ ಕುಟ್ಟಿ ಕಂಪ್ಯೂಟರ್ ಎಬ್ಬಿಸಿದೆ. ಮೇಷ್ಟ್ರು ಮುಖ ಗಂಟು ಹಾಕಿಕೊಂಡೇ ಕೂತಿದ್ದರು.

"ಒಂದ್ ಸ್ಕ್ರೂನೂ ಬಿಚ್ಚಲಿಲ್ಲ. ಇದೆಂಥಾ ರಿಪೇರಿ?"

ಮೈಯೆಲ್ಲ ಉರಿಯಿತು. ಡಬ್ಬ ಬಿಚ್ಚಿ ಜೋರಾಗಿ ಊದಿದೆ. ಕೆಂಪು ಧೂಳು ಅವರ ಬಿಳಿ ಅಂಗಿಯ ಮೇಲೆ ಕೂತಿತು. ಮುಚ್ಚಿದೆ.

"ಹಾಂ, ಈಗ ಆತು ನೋಡ್ರಿ ರಿಪೇರಿ" ಎಂದರು, ಸಂತೋಷದಿಂದ.

೩

ಸಂಡೂರು ರಸ್ತೆಯಲ್ಲಿ ಲಾರಿ ತೂಗುವ ವೇಬ್ರಿಜ್. ಅಲ್ಲಿಯ ಕಂಪ್ಯೂಟರ್ ಎಬ್ಬಿಸಿ, ಹೊರಡುವ ಅವಸರದಲ್ಲಿ ಸಿ.ಡಿ. ಮರೆತುಬಂದೆ. ತಪ್ಪು ನನ್ನದೇ. ಮರುದಿನವೇ ಆಯುಧ ಪೂಜೆ ಬಂತು. ತೊಳೆದು ಒರೆಸುವ ಉತ್ಸಾಹದಲ್ಲಿ ಅಲ್ಲಿಯವರು ಓಡುತ್ತಿದ್ದ ಮಿಷನ್‌ನ ಪ್ಲಗ್ಗನ್ನೇ ಕಿತ್ತರಂತೆ. ಮತ್ತೆ ಕಪ್ಪು ಪರದೆ.

ಹೋದರೆ ಊರುದ್ದ ಲಾರಿ ಸಾಲು. ಡ್ರೈವರ್‌ಗಳೆಲ್ಲ ನನ್ನನ್ನೇ ಬಯ್ಯುತ್ತಿದ್ದಾರೆ.

"ಎಲ್ರೀ ನನ್ನ ಸಿ.ಡಿ.?"

ಮ್ಯಾನೇಜರ್ ದೇವರ ಜಗಲಿ ತೋರಿಸಿದ. ನಡುವಿನ ತೂತಿಗೆ ಚೆಂಡುಹೂವು, ಹೊಳೆಯುವ ಮೈಗೆ ಮೂರು ಬೆರಳಿನ ವಿಭೂತಿ, ಮೇಲೊಂದು ಕುಂಕುಮ.

"ತಲಿ ಕೆಟ್ಟೈತೇನ್ರಿ ನಿಮಗ? ನನ್ನ ಹೊಟ್ಟಿಪಾಡು ಅದು."

"ಸತ್ತ ಮಿಷನ್ ಎಬ್ಬಿಸಿದ್ದು ಅದ ಅಲ್ರೀ? ಪೂಜಿ ಮಾಡಬ್ಯಾಡೇನು?"

ನಲ್ಲಿ ಕೆಳಗೆ ಸೋಪು ಹಚ್ಚಿ ತೊಳೆದೆ. ಅಂಗಿಯ ತುದಿಯಿಂದ ಒರೆಸಿ ಹಾಕಿದೆ. ಡ್ರೈವ್ ಮೂರು ಸಲ ಗೊರಗೊರ ಎಂದು, ನಾಲ್ಕನೇ ಸಲಕ್ಕೆ ಓದಿತು. ಒಂದು ತಾಸಿನಲ್ಲಿ ಲಾರಿಗಳು ಕದಲಿದವು.

ಮ್ಯಾನೇಜರ್ ಸಿ.ಡಿ.ಯನ್ನು ಕಣ್ಣಿಗೊತ್ತಿಕೊಂಡ. ನಾನು ಕಸಿದು ಚೀಲಕ್ಕೆ ಹಾಕಿದೆ. ಅವನಿಗೇನೂ ಬೇಸರವಾಗಲಿಲ್ಲ.

"ಒಯ್ಯಿರಿ. ಮುಂದಿನ ಸಲ ಅದನ್ನಷ್ಟ ಕಳಸ್ರಿ, ಸಾಕು. ನೀವು ಬರೋದು ಬ್ಯಾಡ."